ಕೆಳಗಿನ ಮನೆಯ ಭಾಷೆ

ತೊಂಬತ್ತರ ದಶಕದ ನಡುವಿನ ಒಂದು ಮಾರ್ಚ್ ತಿಂಗಳಲ್ಲಿ ನಾನು ಬಹ್ರೈನಿಗೆ ಹೋದೆ. ಅದಕ್ಕೆ ಮೊದಲು ಬ್ರಹ್ಮಾವರದ ಹತ್ತಿರದ ನಮ್ಮೂರ ಬಾಲವಾಡಿಯಲ್ಲಿ ಮಕ್ಕಳಿಗೆ ಹಾಡು, ಅಕ್ಷರ ಹೇಳಿಕೊಡುತ್ತಿದ್ದೆ. ಅಮ್ಮನ ಕಡೆಯಿಂದ ದೂರದಲ್ಲಿ ಅಕ್ಕನಾಗಬೇಕಾದವಳು ಒಬ್ಬಳು ಗಂಡನ ಜೊತೆ ಬಹ್ರೈನಿನಲ್ಲಿದ್ದಳು. ರಜೆಗೆಂದು ಬಂದವಳು ನಮ್ಮ ಮನೆಗೂ ಬಂದಿದ್ದಳು. ಜಗಲಿಯಲ್ಲಿ ಅಕ್ಕಪಕ್ಕದ ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳುತ್ತಿದ್ದ ನನ್ನನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತು, ಒಳಗೆ ಹೋಗಿ ಅಮ್ಮನ ಹತ್ತಿರ ಕೇಳಿದಳು.

"ಚಿಕ್ಕಮ್ಮ, ಇವಳನ್ನು ನನ್ನ ಜೊತೆ ಕಳಿಸ್ತೀರಾ? ನನ್ನ ಮಗಳನ್ನು ನೋಡಿಕೊಳ್ಳಲಿಕ್ಕೆ ನಮ್ಮವರೇ ಒಬ್ಬರು ಬೇಕಿತ್ತು."

ಅಮ್ಮ ಹಿಂದೆ ಮುಂದೆ ನೋಡಿದರು. ನಾನು ನೋಡಲಿಲ್ಲ. ಚಿಕ್ಕಂದಿನಿಂದಲೂ ನನಗೆ ಎಲ್ಲವನ್ನೂ ಕೇಳಿ ತಿಳಿಯುವ ಚಟ. ವಿಮಾನದ ಕಿಟಕಿ ತೆಗೆಯಲಿಕ್ಕೆ ಆಗುತ್ತದೆಯೇ, ಮರಳುಗಾಡಿನಲ್ಲಿ ಬಾವಿ ತೋಡಿದರೆ ನೀರು ಬರುತ್ತದೆಯೇ, ಅಲ್ಲಿಯ ಕಾಗೆಗಳೂ ಕಪ್ಪೇ ಎಂದೆಲ್ಲ ಆ ಸಂಜೆಯೇ ಅಕ್ಕನ ತಲೆ ತಿಂದೆ. ಅವಳು ನಗುತ್ತ, "ನೀನೇ ಬಂದು ನೋಡು ಮಾರಾಯ್ತಿ" ಎಂದಳು.

ವೀಸಾ ಬಂದಾಗ ಅದರಲ್ಲಿ ನನ್ನ ಕೆಲಸದ ಮುಂದೆ 'ಹೌಸ್‌ಮೇಡ್' ಎಂದಿತ್ತು. ಓದಿ ಸ್ವಲ್ಪ ಕಸಿವಿಸಿಯಾಯಿತು. ಅಲ್ಲಿ ಮುಟ್ಟಿದ ಮೇಲೆ ಅಕ್ಕನನ್ನು ಕೇಳಿಯೇಬಿಟ್ಟೆ.

"ಪೇಪರಿನಲ್ಲಿ ಹಾಗೆ ಬರೀಬೇಕಾಗ್ತದೆ. ಇಲ್ಲಿ ತಂಗಿ ಅಂತ ವೀಸಾ ಕೊಡೂದಿಲ್ಲ. ನೀನು ನಮ್ಮ ಜೊತೆ ಮೇಜಿಗೆ ಕೂತು ಊಟ ಮಾಡು, ಆಯ್ತಾ? ಅದರ ಮೇಲೆ ಎಂತದೂ ಇಲ್ಲ" ಎಂದಳು ಅಕ್ಕ.

ಅವಳು ಹೇಳಿದಂತೆಯೇ ನಡೆದುಕೊಂಡಳು. ಆದರೂ ಮನೆಗೆ ಯಾರಾದರೂ ಬಂದಾಗ ನನ್ನನ್ನು ಏನೆಂದು ಪರಿಚಯಿಸುತ್ತಾಳೆ ಎಂದು ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಿದ್ದೆ. ಊರಿನವರು ಬಂದರೆ "ನನ್ನ ತಂಗಿ". ಆಫೀಸಿನವರು ಬಂದರೆ "ಮಗುವನ್ನು ನೋಡಿಕೊಳ್ಳೋದು ಇವಳೇ". ಎರಡೂ ಸುಳ್ಳಲ್ಲ.

ಮನೆ ರಿಫಾದಲ್ಲಿತ್ತು. ಮರಳಿನ ಬಣ್ಣದ ಎರಡು ಮಾಳಿಗೆಯ ವಿಲ್ಲಾ. ಮೇಲಿನ ಮಾಳಿಗೆಯಲ್ಲಿ ನಾವು, ಕೆಳಗೆ ಮನೆಯ ಮಾಲೀಕರಾದ ಅರಬ್ ಕುಟುಂಬ. ನಮಗೆ ಹೊರಗಿನಿಂದಲೇ ಬೇರೆ ಮೆಟ್ಟಿಲು. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಅವರ ಅಂಗಳಕ್ಕೆ ಒಂದು ಸಣ್ಣ ಕಬ್ಬಿಣದ ಬಾಗಿಲು. ಮೊದಲ ದಿನವೇ ಅಕ್ಕ ಆ ಬಾಗಿಲನ್ನು ತೋರಿಸಿ, "ಅಲ್ಲಿಗೆಲ್ಲ ಹೋಗುವುದು ಬೇಡ. ಒಳ್ಳೆಯ ಜನವೇ, ಆದರೆ ಅವರದ್ದು ಅವರಿಗೆ, ನಮ್ಮದು ನಮಗೆ" ಎಂದಿದ್ದಳು. ಆರು ವರ್ಷಗಳಿಂದ ಆ ಮನೆಯಲ್ಲಿದ್ದರೂ ಅಕ್ಕ ಆ ಬಾಗಿಲು ದಾಟಿರಲಿಲ್ಲ. ಬಾಡಿಗೆಯ ಮಾತುಕತೆಯೆಲ್ಲ ಭಾವ ಮಾಲೀಕನ ಜೊತೆ ರಸ್ತೆಯಲ್ಲಿ ಕಾರಿನ ಪಕ್ಕ ನಿಂತೇ ಮುಗಿಸುತ್ತಿದ್ದರು.

ಬೆಳಿಗ್ಗೆ ಬೇಗ ಇಬ್ಬರೂ ಹೊರಡುತ್ತಿದ್ದರು. ಭಾವ ಸಿತ್ರಾದ ಕಡೆ ಕಟ್ಟಡದ ಸಾಮಾನು ಮಾರುವ ಕಂಪೆನಿಯೊಂದರಲ್ಲಿ ಮ್ಯಾನೇಜರ್, ಅಕ್ಕ ಮನಾಮದ ಒಂದು ಆಫೀಸಿನಲ್ಲಿ. ಆಮೇಲೆ ಸಂಜೆಯವರೆಗೆ ಮನೆಯಲ್ಲಿ ನಾನು ಮತ್ತು ಮಗು. ನನಗೆ ಎಲ್ಲವೂ ಹೊಸತು. ಬಿಸಿಲು ಏರಿದಂತೆ ತಣ್ಣೀರಿನ ನಲ್ಲಿಯಲ್ಲೇ ಬಿಸಿನೀರು ಬರುತ್ತಿತ್ತು. ಮರಳುಗಾಳಿ ಬೀಸಿದರೆ ಮುಚ್ಚಿದ ಕಿಟಕಿಯ ಒಳಗೂ ಹಿಟ್ಟಿನಂಥ ಧೂಳು ಕೂರುತ್ತಿತ್ತು. ಅದರಲ್ಲಿ ನಾನು ಬೆರಳಿನಿಂದ 'ಅ, ಆ' ಬರೆದು ಮಗುವನ್ನು ಕರೆಯುತ್ತಿದ್ದೆ. ಮಗು ಬರುತ್ತಿರಲಿಲ್ಲ.

ಅವಳಿಗೆ ಆಗ ಆರು ವರ್ಷ ತುಂಬುತ್ತಿತ್ತು. ದೊಡ್ಡ ಕಣ್ಣು, ಹಣೆಯ ಮೇಲೆ ಕತ್ತರಿಸಿಬಿಟ್ಟ ಕೂದಲು. ಹಟ ಮಾಡುವವಳಲ್ಲ, ಅಳುವವಳೂ ಅಲ್ಲ. ತಟ್ಟೆಯಲ್ಲಿ ಹಾಕಿದ್ದನ್ನು ತಿನ್ನುವಳು, ಮಲಗು ಎಂದರೆ ಮಲಗುವಳು. ಆದರೆ ಮಾತಿಲ್ಲ. ಅಪ್ಪ ಅಮ್ಮ ಮನೆಗೆ ಬಂದ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಮಾತು: ಹಾಲು ಬೇಕು, ಟೀವಿ ಹಾಕು, ನಿದ್ದೆ ಬರುತ್ತದೆ. ನನ್ನ ಜೊತೆ ಅದೂ ಇಲ್ಲ. ಬಾಲವಾಡಿಯಲ್ಲಿ ಎಂತೆಂಥ ಮಕ್ಕಳನ್ನು ನೋಡಿದ್ದೆ. ಹೊಸಬರ ಎದುರು ನಾಚುವ ಮಕ್ಕಳು ಎರಡು ದಿನ ಸೆರಗಿನ ಹಿಂದೆ ನಿಂತು ಮೂರನೆಯ ದಿನ ತಲೆಯ ಮೇಲೆ ಹತ್ತುತ್ತವೆ. ಇವಳು ಹಾಗಲ್ಲ. ನಾನು ಕಿಟಕಿಯ ಗಾಜೋ ಎಂಬ ಹಾಗೆ ನನ್ನ ಆಚೆಗೆ ನೋಡುತ್ತಿದ್ದಳು.

ಏಪ್ರಿಲಿನಲ್ಲಿ ಈಸಾ ಟೌನಿನ ಶಾಲೆಯಲ್ಲಿ ಒಂದನೆಯ ಕ್ಲಾಸು ಶುರುವಾಯಿತು. ಬೆಳಗ್ಗೆ ಹಳದಿ ಬಸ್ಸಿಗೆ ಹತ್ತಿಸುವುದು, ಮಧ್ಯಾಹ್ನ ಇಳಿಸಿಕೊಳ್ಳುವುದು ನನ್ನ ಕೆಲಸ. ಮೇ ತಿಂಗಳಲ್ಲಿ ಕ್ಲಾಸ್ ಟೀಚರ್ ಅಕ್ಕನಿಗೆ ಫೋನ್ ಮಾಡಿದರು. ಮಗು ಕ್ಲಾಸಿನಲ್ಲಿ ಈವರೆಗೆ ಒಂದು ಮಾತೂ ಆಡಿಲ್ಲ, ಹೆಸರು ಕೂಗಿದರೂ ಕೈ ಎತ್ತುವುದಷ್ಟೇ, ಕಿವಿ ಕೇಳಿಸುತ್ತದೆಯೋ ಒಮ್ಮೆ ನೋಡಿಸಿ ಎಂದರು. ಕಿವಿ ಪರೀಕ್ಷೆ ಮಾಡಿಸಿದೆವು. ಕಿವಿ ಚೆನ್ನಾಗಿಯೇ ಇತ್ತು.

ಅಕ್ಕ ಅವತ್ತು ಸಂಜೆ ಚಹಾ ಮುಂದಿಟ್ಟುಕೊಂಡು ಕುಡಿಯದೆ ಕೂತಿದ್ದಳು.

"ಮೊದಲು ಇಷ್ಟು ಮೌನ ಇರಲಿಲ್ಲ. ಒಂದಷ್ಟು ಹಾಳುಮೂಳು ಆದರೂ ಹೇಳ್ತಾ ಇದ್ದಳು."

"ಹಾಳುಮೂಳು ಅಂದ್ರೆ?" ಎಂದು ಕೇಳಿದೆ.

"ನಿನಗಿಂತ ಮೊದಲು ಶ್ರೀಲಂಕಾದ ಒಬ್ಬಳು ಇದ್ದಳಲ್ಲ, ಮಗು ಹುಟ್ಟಿದಾಗಿನಿಂದ. ಅವಳದ್ದೇ ಭಾಷೆ ಕಲಿತುಬಿಟ್ಟಿತ್ತು ಮಗು. ನಮಗೊಂದೂ ಅರ್ಥ ಆಗ್ತಿರಲಿಲ್ಲ. ಊರಿಗೆ ಹೋದರೆ ಅಜ್ಜಿಯ ಹತ್ತಿರ ಮಾತಾಡಲಿಕ್ಕೆ ಬಾರದು. ಅದಕ್ಕೇ ನಿನ್ನನ್ನು ಕರೆಸಿದ್ದು. ನಮ್ಮ ಭಾಷೆ ಬರಲಿ ಅಂತ."

ನಾನು ಯಾಕಾಗಿ ಬಂದೆ ಎಂಬುದು ನನಗೆ ಸರಿಯಾಗಿ ತಿಳಿದದ್ದು ಆವತ್ತೇ. ಭಾವ ಪೇಪರು ಮಡಚಿ, "ಜುಲೈಯಲ್ಲಿ ಊರಿಗೆ ಹೋಗ್ತೇವಲ್ಲ, ಮಣಿಪಾಲದಲ್ಲಿ ತೋರಿಸುವ. ನೀನು ಸುಮ್ಮನೆ ಮಂಡೆಬಿಸಿ ಮಾಡಬೇಡ" ಎಂದು ಅಕ್ಕನಿಗೆ ಸಮಾಧಾನ ಹೇಳಿದರು.

ನನಗೆ ಮಾತ್ರ ಸುಮ್ಮನಿರಲಾಗಲಿಲ್ಲ. ಹೆದರಿಕೆಗಿಂತ ಹೆಚ್ಚಾಗಿ ಕುತೂಹಲ. ಮಾತು ಬರುವ ಮಗು ಮಾತನ್ನು ಎಲ್ಲಿ ಇಟ್ಟುಕೊಂಡಿರುತ್ತದೆ? ಅವಳನ್ನು ಮಾತಾಡಿಸುವುದನ್ನು ಬಿಟ್ಟು ಸುಮ್ಮನೆ ಗಮನಿಸತೊಡಗಿದೆ. ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತ ಕೂರುತ್ತಿದ್ದೆ, ಬಾಗಿಲು ಅರ್ಧ ತೆರೆದು.

ಆಗ ಎರಡು ಸಂಗತಿ ಕಣ್ಣಿಗೆ ಬಿದ್ದವು. ಒಂದು, ಒಬ್ಬಳೇ ಆಡುವಾಗ ಅವಳು ಗೊಂಬೆಯನ್ನು ದಿಂಬಿಗೆ ಒರಗಿಸಿ, ಆಟದ ಪುಟ್ಟ ಕಪ್ಪನ್ನು ಅದರ ಬಾಯಿಗೆ ಹಿಡಿದು, "ಯದ್ದಾ, ಯದ್ದಾ" ಎಂದು ಪಿಸುಗುಡುತ್ತಿದ್ದಳು. ನನ್ನ ಕಿವಿಗೆ ಅದು "ಎದ್ದಾ?" ಎಂದು ಕೇಳಿಸಿತು. ಕನ್ನಡ! ಯಾರು ಎದ್ದದ್ದು? ಅಪ್ಪ ಎದ್ದನೇ ಎಂದು ಕೇಳುತ್ತಿರಬಹುದೇ? ನಾನು ಖುಷಿಯಿಂದ ಒಳಗೆ ಹೋಗಿ, "ಹೌದು ಪುಟ್ಟಿ, ಎದ್ದ, ಅಪ್ಪ ಎದ್ದ" ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ ಕಪ್ಪನ್ನು ಹಿಂದಕ್ಕೆ ಅಡಗಿಸಿಕೊಂಡಳು.

ಎರಡನೆಯದು, ನಾನು "ಅಕ್ಕ" ಎಂದು ಕರೆದಾಗಲೆಲ್ಲ ಅವಳು ಥಟ್ಟನೆ ತಲೆಯೆತ್ತಿ ಮುಂಬಾಗಿಲ ಕಡೆ ನೋಡುತ್ತಿದ್ದಳು. ಅಕ್ಕ ಅಡುಗೆಮನೆಯಲ್ಲಿದ್ದರೂ, ನನ್ನ ಎದುರಲ್ಲೇ ನಿಂತಿದ್ದರೂ ಅವಳ ಕಣ್ಣು ಹೋಗುವುದು ಬಾಗಿಲಿಗೆ. ಬೇಕೆಂದೇ ಕರೆದು ನೋಡಿದೆ. ಪ್ರತಿ ಸಲವೂ ಹಾಗೆಯೇ.

ಮೇ ಮುಗಿಯುತ್ತಿತ್ತು. ಒಂದು ಮಧ್ಯಾಹ್ನ ಬಸ್ಸಿನಿಂದ ಮಗುವನ್ನು ಇಳಿಸಿಕೊಂಡು ಬರುವಾಗ ಕೆಳಗಿನ ಮನೆಯ ಕಬ್ಬಿಣದ ಬಾಗಿಲು ತೆರೆದಿತ್ತು. ಒಳಗೆ ಅಂಗಳ, ನಮ್ಮೂರಿನ ಕಾಡುಬಾದಾಮಿಯಂಥದೇ ಒಂದು ಮರ, ಅದರ ನೆರಳಿನಲ್ಲಿ ಮರದ ಮಂಚದ ಮೇಲೆ ಒಬ್ಬ ಮುದುಕಿ ಕಾಲು ಮಡಚಿ ಕೂತಿದ್ದರು. ಮಾಲೀಕನ ತಾಯಿ. ಕಪ್ಪು ಸೆರಗಿನಂಥ ಬಟ್ಟೆಯಲ್ಲಿ ಮುಖ ಮಾತ್ರ ಕಾಣುತ್ತಿತ್ತು, ಗಲ್ಲದ ಮೇಲೆ ಹಸಿರು ಹಚ್ಚೆಯ ಚುಕ್ಕೆ. ನಮ್ಮನ್ನು ಕಂಡದ್ದೇ ಅವರು ಕೈಯೆತ್ತಿ ಕೂಗಿದರು:

"ತಆಲಿ! ತಆಲಿ!"

ನಾನು ನಿಂತುಬಿಟ್ಟೆ. ನನಗೆ ಕೇಳಿಸಿದ್ದು "ತಾಳಿ, ತಾಳಿ". ಇವರಿಗೆ ಕನ್ನಡ ಹೇಗೆ ಬರುತ್ತದೆ, ಯಾಕೆ ತಾಳು ಎನ್ನುತ್ತಿದ್ದಾರೆ ಎಂದು ಯೋಚಿಸುತ್ತ ಕಂಬದ ಹಾಗೆ ನಿಂತೆ. ಅವರು ಮತ್ತೂ ಜೋರಾಗಿ "ತಆಲಿ" ಎಂದರು. ನಾನು ಮತ್ತೂ ಗಟ್ಟಿಯಾಗಿ ನಿಂತೆ. ಅಷ್ಟರಲ್ಲಿ ನನ್ನ ಕೈಯೊಳಗಿದ್ದ ಪುಟ್ಟ ಕೈ ಜಾರಿತು. ಮಗು ಶಾಲೆಯ ಚೀಲವನ್ನು ದಾರಿಯಲ್ಲೇ ಎಸೆದು, "ಯದ್ದಾ!" ಎಂದು ಕಿರುಚುತ್ತ ಓಡಿ ಹೋಗಿ ಆ ಮುದುಕಿಯ ಮಡಿಲಿಗೆ ಬಿತ್ತು.

ಆಮೇಲೆ ಮಾತು. ಎಂಥ ಮಾತು! ಒಡ್ಡು ಕಡಿದ ಹಾಗೆ. ಕೈ ತಿರುಗಿಸುತ್ತ, ಹುಬ್ಬು ಹಾರಿಸುತ್ತ, ನಡುವೆ ಉಸಿರು ಎಳೆದುಕೊಳ್ಳುತ್ತ. ಗಂಟಲಿನ ಆಳದಿಂದ ಬರುವ, ನಾನು ಎಷ್ಟು ಪ್ರಯತ್ನಿಸಿದರೂ ಹೊರಡಿಸಲಾಗದ ಸದ್ದುಗಳು ಆ ಹಾಲುಹಲ್ಲಿನ ಬಾಯಿಂದ ಸಲೀಸಾಗಿ ಉರುಳುತ್ತಿದ್ದವು. ಮುದುಕಿ ಅವಳ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಮ್ಮೆ ಗದರಿಸುತ್ತ ಒಮ್ಮೆ ನಗುತ್ತ ಉತ್ತರ ಕೊಡುತ್ತಿದ್ದರು. ಎರಡು ತಿಂಗಳಿನಲ್ಲಿ ನಾನು ಆ ಮಗುವಿನ ನಗು ಕೇಳಿದ್ದು ಅದೇ ಮೊದಲು. ಸ್ವಲ್ಪ ಗೊಗ್ಗರು ನಗು. ಅವಳು ಎಸೆದ ಚೀಲವನ್ನು ಎತ್ತಿಕೊಂಡು ನಾನು ಬಾಗಿಲಲ್ಲೇ ನಿಂತಿದ್ದೆ.

ಒಳಗಿನಿಂದ ಆ ಮನೆಯ ಕೆಲಸದ ಹೆಂಗಸು ಖರ್ಜೂರದ ತಟ್ಟೆ ಹಿಡಿದು ಬಂದಳು. ಅವಳೂ ಶ್ರೀಲಂಕಾದವಳು, ಸ್ವಲ್ಪ ಹಿಂದಿ ಗೊತ್ತಿತ್ತು. ನನ್ನದೂ ಹರಕು ಹಿಂದಿಯೇ. ಹಾಗಾಗಿ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾದೆವು.

"ಒಳಗೆ ಬಾ. ಅಮ್ಮ ಆಗಿನಿಂದ ಬಾ ಬಾ ಅಂತ ಕರೀತಿದ್ದಾರೆ, ನೀನು ನಿಂತೇ ಇದ್ದೀಯಲ್ಲ?"

"ಅವರು ಹೇಳಿದ್ದು ಬಾ ಅಂತಲಾ?"

"ತಆಲಿ ಅಂದ್ರೆ ಬಾ."

"ಮತ್ತೆ ಯದ್ದಾ ಅಂದ್ರೆ?"

"ಅಜ್ಜಿ."

ಅವಳಿಂದ ಉಳಿದದ್ದೆಲ್ಲ ತಿಳಿಯಿತು. ನಮ್ಮ ಮನೆಯಲ್ಲಿದ್ದ ಹೆಂಗಸು ಇವಳದೇ ಊರಿನ ಕಡೆಯವಳು. ಅಕ್ಕ, ಭಾವ ಆಫೀಸಿಗೆ ಹೋದದ್ದೇ ಮಗುವನ್ನು ಸೊಂಟಕ್ಕೇರಿಸಿಕೊಂಡು ಕೆಳಗೆ ಬಂದುಬಿಡುತ್ತಿದ್ದಳು. ಅವರಿಬ್ಬರೂ ಕೆಲಸ ಮಾಡುತ್ತ ಹರಟೆ ಹೊಡೆಯುವಾಗ ಮಗು ಅಜ್ಜಿಯ ಮಂಚದ ಮೇಲೆ. ಅಲ್ಲೇ ತೆವಳಿದ್ದು, ಅಲ್ಲೇ ಹಲ್ಲು ಬಂದದ್ದು, ಅಲ್ಲೇ ಮಾತು ಕಲಿತದ್ದು. ಅಕ್ಕ ಸಿಂಹಳ ಎಂದುಕೊಂಡದ್ದು ಸಿಂಹಳವೇ ಆಗಿರಲಿಲ್ಲ. ಅದು ರಿಫಾದ ಮುದುಕಿಯರು ಮನೆಯೊಳಗೆ ಆಡುವ ಅರಬಿ.

"ಅವಳನ್ನು ಮಗು ಏನೆಂದು ಕರೀತಿತ್ತು?" ಎಂದು ಕೇಳಿದೆ.

"ಅಕ್ಕಾ ಅಂತ. ನಮ್ಮ ಭಾಷೆಯಲ್ಲಿ 'ಬಡೀ ಬೆಹನ್'ಗೆ ಹಾಗೇ ಅನ್ನೋದು. ನಿಮ್ಮಲ್ಲಿ ಏನಂತಾರೆ?"

"ಅಕ್ಕ ಅಂತಲೇ" ಎಂದೆ. ದಿನಕ್ಕೆ ಎಷ್ಟು ಸಲ ಆ ಮಗುವಿನ ಎದುರು ಆ ಹೆಸರು ಕೂಗಿದ್ದೆನೋ! ಪ್ರತಿ ಸಲವೂ ತನ್ನ ಆ ಅಕ್ಕ ಬಂದಳೇನೋ ಎಂದು ಬಾಗಿಲು ನೋಡಿ, ಯಾರೂ ಇಲ್ಲದೆ ಮತ್ತೆ ತಲೆ ಕೆಳಗೆ ಹಾಕಿದ್ದಳು. ಒಂದು ಬೆಳಿಗ್ಗೆ ಎದ್ದಾಗ ಅವಳ ಅಕ್ಕನೂ ಇರಲಿಲ್ಲ, ಅಜ್ಜಿಯೂ ಇರಲಿಲ್ಲ, ಅವಳ ಮಾತು ತಿಳಿಯುವವರು ಯಾರೂ ಇರಲಿಲ್ಲ. ಅವರ ಬದಲಿಗೆ ನಾನಿದ್ದೆ.

ಮುದುಕಿ ನನ್ನ ಕಡೆ ತಿರುಗಿ ಏನೋ ಕೇಳಿದರು. ಆ ಹೆಂಗಸು ಹಿಂದಿಗೆ ತಿರುಗಿಸಿದಳು: "ಮಗುವನ್ನು ಯಾಕೆ ಕಳಿಸುವುದು ಬಿಟ್ಟಿರಿ, ನನ್ನಿಂದ ಏನಾದರೂ ತಪ್ಪಾಯಿತೇ ಅಂತ ಕೇಳ್ತಿದ್ದಾರೆ."

ನಾನು ಕೈಮುಗಿದೆ. ಅವರು ನನ್ನ ಮುಗಿದ ಕೈಗಳನ್ನು ಬಿಡಿಸಿ ಒಂದರಲ್ಲಿ ಖರ್ಜೂರ ಇಟ್ಟರು.

ಆವತ್ತು ಸಂಜೆ ಅಕ್ಕ ಬಂದು ಬಟ್ಟೆ ಬದಲಾಯಿಸುವುದರೊಳಗೆ ಎಲ್ಲ ಹೇಳಿಬಿಟ್ಟೆ. ಅಕ್ಕ ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಮಂಚದ ತುದಿಯಲ್ಲಿ ಕೂತು ಬಳೆ ತಿರುಗಿಸತೊಡಗಿದಳು.

"ಐದು ವರ್ಷ! ಐದು ವರ್ಷ ದಿನವೂ ಕೆಳಗೆ ಹೋಗ್ತಿದ್ರಾ? ನನಗೆ ಯಾರೂ ಒಂದು ಮಾತು ಹೇಳ್ಲಿಲ್ವಲ್ಲ."

"ಒಳ್ಳೆಯ ಅಜ್ಜಿ ಅಕ್ಕ. ಮಗುವನ್ನು ಚೆಂದ ನೋಡಿಕೊಂಡಿದ್ದಾರೆ."

"ಅದೇ ಮಾರಾಯ್ತಿ. ಚೆಂದ ನೋಡಿಕೊಂಡಿದ್ದಾರೆ. ಅವಳ ಮೊದಲ ಮಾತು ಯಾವುದು ಅಂತ ಅವರಿಗೆ ಗೊತ್ತುಂಟು. ನನಗೆ ಗೊತ್ತಿಲ್ಲ" ಎಂದ ಅಕ್ಕ ಮುಖ ತಿರುಗಿಸಿಕೊಂಡಳು.

ಭಾವ ಸುದ್ದಿ ಕೇಳಿ ಮೊದಲು ಗಟ್ಟಿಯಾಗಿ ನಕ್ಕರು. "ನಾನು ಇಷ್ಟು ವರ್ಷ ಇದ್ದು ನಾಲ್ಕು ಶಬ್ದ ಅರಬಿ ಕಲೀಲಿಲ್ಲ, ಇವಳು ಪಂಡಿತಳಾಗಿದ್ದಾಳಲ್ಲ!" ಎಂದರು. ಅಕ್ಕನ ಮುಖ ನೋಡಿ ನಗು ನಿಲ್ಲಿಸಿದರು. ಆಮೇಲೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಮಗೆ ಗೊತ್ತಿದ್ದ ಅಷ್ಟಿಷ್ಟು ಆಫೀಸಿನ ಅರಬಿಯಲ್ಲಿ ಏನೋ ಕೇಳಿದರು. ಮಗು ಅಪ್ಪನ ಬಾಯಿಯನ್ನೇ ಬೆರಗಿನಿಂದ ನೋಡಿತು, ಆ ಬಾಯಿಯೊಳಗೆ ಆ ಭಾಷೆ ಹೇಗೆ ಹೊಕ್ಕಿತು ಎಂಬ ಹಾಗೆ. ನಂತರ ಅವರ ಉಚ್ಚಾರವನ್ನು ತಿದ್ದಿತು. ಭಾವ ಮತ್ತೆ ಹೇಳಿದರು, ಮಗು ಮತ್ತೆ ತಿದ್ದಿತು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಮುಂದಿನ ಶುಕ್ರವಾರ ಅಕ್ಕ ನೀರುದೋಸೆ ಹೊಯ್ದು, ಕಾಯಿಹಾಲು ಬೆಲ್ಲ ಹಾಕಿ ಪಾತ್ರೆಯಲ್ಲಿ ಮುಚ್ಚಿ, ಒಳ್ಳೆಯ ಸೀರೆ ಉಟ್ಟು ನನ್ನನ್ನು ಕರೆದಳು. "ನೀನೂ ಬಾ. ನನಗೆ ಒಬ್ಬಳಿಗೆ ಹೆದರಿಕೆ." ಮಗುವಿನ ಕೈ ಹಿಡಿದು ಆ ಕಬ್ಬಿಣದ ಬಾಗಿಲನ್ನು ಅವಳು ಮೊದಲ ಸಲ ದಾಟಿದಳು. ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿ ಮಂಚದ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡರು. ದೋಸೆಯನ್ನು ಬೆಳಕಿಗೆ ಹಿಡಿದು, ಅದರ ಆಚೆ ಬದಿ ಕಾಣುತ್ತದೆಯೋ ನೋಡಿದರು. ನನಗೆ ತಟ್ಟನೆ ಅವರು ಇಷ್ಟವಾದರು. ಅವರೂ ನನ್ನಂತೆಯೇ ಕುತೂಹಲದವರು. ಅಕ್ಕನ ಕರಿಮಣಿ ಮುಟ್ಟಿ ಇದೇನು, ನನ್ನ ಹಣೆಯ ಕುಂಕುಮ ತೋರಿಸಿ ಅದೇನು, ತೆಂಗಿನೆಣ್ಣೆ ಹಚ್ಚಿದ ಜಡೆಯನ್ನು ಮೂಸಿ ಇದೇನು. ಮಗು ನಡುವೆ ನಿಂತು ಅತ್ತಿಂದಿತ್ತ ಹೇಳುತ್ತಿತ್ತು. ಅಜ್ಜಿಯ ಮಾತನ್ನು ಅಮ್ಮನಿಗೆ ಇಂಗ್ಲಿಷಿನಲ್ಲಿ, ಅಮ್ಮನ ಮಾತನ್ನು ಅಜ್ಜಿಗೆ ಅರಬಿಯಲ್ಲಿ. ಅಷ್ಟು ಉದ್ದದ ಇಂಗ್ಲಿಷನ್ನು ಅವಳ ಬಾಯಿಂದ ನಾವು ಕೇಳಿಯೇ ಇರಲಿಲ್ಲ.

ಅಕ್ಕ ಕೊನೆಗೆ ತಾನು ಕೇಳಬೇಕೆಂದಿದ್ದುದನ್ನು ಕೇಳಿದಳು. "ಅಜ್ಜಿಯ ಹತ್ತಿರ ಕೇಳು ಪುಟ್ಟಿ. ನೀನು ಮೊದಲು ಹೇಳಿದ ಮಾತು ಯಾವುದು?"

ಮಗು ಕೇಳಿತು. ಮುದುಕಿ ಯೋಚಿಸಿ, ಹಲ್ಲಿಲ್ಲದ ಬಾಯಿ ತೆರೆದು ನಕ್ಕು ಉತ್ತರಿಸಿದರು. ಮಗು ತಿರುಗಿ ಹೇಳಿತು: ವಾಟರ್. ಮಾಯ್.

ಅಕ್ಕ "ಮಾಯ್" ಎಂದು ತಾನೂ ಒಮ್ಮೆ ಹೇಳಿ ನೋಡಿದಳು.

ಶಾಲೆಯ ವಿಷಯ ಮಾತ್ರ ಹಾಗೇ ಉಳಿದಿತ್ತು. ಅಲ್ಲಿ ಈಗಲೂ ಮೌನ. ಜೂನಿನಲ್ಲಿ ಒಂದು ದಿನ ಅಕ್ಕ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೊರಟಳು, ಜೊತೆಗೆ ನನ್ನನ್ನೂ ಕರೆದುಕೊಂಡಳು. ಅಲ್ಲಿಯ ಶಾಲೆಗಳಲ್ಲಿ ನಮ್ಮ ಮಕ್ಕಳಿಗೂ ಅರಬಿ ಪಾಠ ಇರುತ್ತದೆ. ಅದಕ್ಕೊಬ್ಬರು ಬಹ್ರೈನಿನವರೇ ಟೀಚರ್, ಅಬಾಯ ಎಂಬ ಕಪ್ಪು ನಿಲುವಂಗಿ ತೊಟ್ಟ ಹರೆಯದ ಹೆಂಗಸು. ಅಕ್ಕ ಅವರಿಗೆ ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದಳು. ಅವರಿಗೆ ನಂಬಿಕೆಯಾಗಲಿಲ್ಲ.

"ನನ್ನ ಕ್ಲಾಸಿನಲ್ಲಂತೂ ಅವಳು ತುಟಿ ಬಿಚ್ಚಿಲ್ಲ. ಅರಬಿ ಗೊತ್ತಿದ್ದರೆ ಉತ್ತರಿಸುತ್ತಿರಲಿಲ್ಲವೇ?"

ಮಗುವನ್ನು ಕ್ಲಾಸಿನಿಂದ ಕರೆತಂದರು. ಟೀಚರ್ ಮಕ್ಕಳ ಅರಬಿ ಪುಸ್ತಕ ತೆರೆದು, ಕನ್ನಡಕ ಹಾಕಿದ ಅಜ್ಜಿಯ ಚಿತ್ರದ ಮೇಲೆ ಬೆರಳಿಟ್ಟು ನಿಧಾನವಾಗಿ, "ಜದ್ದಾ" ಎಂದರು. ಮಗು ಚಿತ್ರ ನೋಡಿತು, ಟೀಚರನ್ನು ನೋಡಿತು. ಟೀಚರ್ ಮತ್ತೆ "ಜದ್ದಾ" ಎಂದರು. ಮಗುವಿನ ಹುಬ್ಬು ಗಂಟಾಯಿತು. ಅಪ್ಪನ ಮಾತು ತಿದ್ದುವಾಗ ಬರುತ್ತಿದ್ದ ಅದೇ ಮುಖ.

"ಯದ್ದಾ" ಎಂದಿತು, ಸ್ಪಷ್ಟವಾಗಿ.

ಟೀಚರ್ ಪುಸ್ತಕ ಮುಚ್ಚಿದರು. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಪುಸ್ತಕದ ಅರಬಿ ಬಿಟ್ಟು ಮನೆಯ ಅರಬಿಯಲ್ಲಿ ಕೇಳಿದರು. ಮಗು ಉತ್ತರಿಸಿತು. ಇನ್ನೊಂದು ಕೇಳಿದರು. ಅದಕ್ಕೂ ಉತ್ತರ, ಈ ಸಲ ಸ್ವಲ್ಪ ಉದ್ದ. ಟೀಚರ್ ಬಾಯಿಗೆ ಅಬಾಯದ ತುದಿ ಒತ್ತಿಕೊಂಡು ನಗತೊಡಗಿದರು. "ಇವಳು ನನ್ನ ಅಜ್ಜಿಯ ಹಾಗೆ ಮಾತಾಡುತ್ತಾಳೆ! ಈಗಿನ ನಮ್ಮ ಮಕ್ಕಳಿಗೇ ಈ ಶಬ್ದಗಳು ಬರುವುದಿಲ್ಲ" ಎಂದು ಅಕ್ಕನಿಗೆ ಹೇಳಿದರು. ಪುಸ್ತಕದ ಅರಬಿ ಬೇರೆ, ಮನೆಯ ಅರಬಿ ಬೇರೆ ಎಂದು ನನಗೆ ಗೊತ್ತಾದದ್ದು ಆಗಲೇ. ಪಾಪ, ಮಗುವಿಗೆ ಕ್ಲಾಸಿನ ಅರಬಿಯೂ ಇನ್ನೊಂದು ಪರಭಾಷೆಯಾಗಿತ್ತು.

ಆ ಟೀಚರ್ ಅವಳನ್ನು ಮುಂದಿನ ಬೆಂಚಿಗೆ ತಂದು ಕೂರಿಸಿದರು. ಮೊದಮೊದಲು ಅರಬಿ ಪಾಠದಲ್ಲಿ ಮಾತ್ರ ಬಾಯಿ ತೆರೆಯಿತು. ಬೇರೆ ಮಕ್ಕಳು ಶಬ್ದಗಳ ಅರ್ಥ ಕೇಳಲು ಅವಳ ಸುತ್ತ ಸೇರತೊಡಗಿದ ಮೇಲೆ ಅವರಿಗೆ ಉತ್ತರ ಕೊಡಲಿಕ್ಕಾದರೂ ಇಂಗ್ಲಿಷ್ ಬೇಕಾಯಿತು. ರಜೆ ಶುರುವಾಗುವ ಹೊತ್ತಿಗೆ ಕ್ಲಾಸ್ ಟೀಚರ್ ಫೋನಿನಲ್ಲಿ, ಪಕ್ಕದವರ ಜೊತೆ ಮಾತು ಜಾಸ್ತಿ ಎಂದು ದೂರಿದರು. ಅಕ್ಕ ಫೋನಿಟ್ಟು ನನ್ನನ್ನು ತಬ್ಬಿಕೊಂಡಳು.

ನನ್ನ ಕೆಲಸ ಕನ್ನಡ ಕಲಿಸುವುದಾಗಿತ್ತಲ್ಲ? ಅದಕ್ಕೊಂದು ಉಪಾಯ ಹುಡುಕಿದೆ. "ನನಗೆ ಅರಬಿ ಕಲಿಸು" ಎಂದೆ ಮಗುವಿಗೆ. ಅವಳು ಒಂದು ಶಬ್ದ ಹೇಳಬೇಕು, ನಾನು ಅದಕ್ಕೆ ಬದಲಾಗಿ ಒಂದು ಕೊಡಬೇಕು. ಮೀನಿಗೆ ಸಿಮಚ್, ಸಿಮಚ್‌ಗೆ ಮೀನು. ನನ್ನ ಗಂಟಲು ಸರಿಯಾಗಿ ಹೊರಳದಿದ್ದರೆ ಅವಳು ಬಾಯಿಯೊಳಗೆ ಇಣುಕಿ ನೋಡುತ್ತಿದ್ದಳು. ನಾನು ಅವಳ 'ಳ' ತಿದ್ದಿದರೆ ಅವಳು ನನ್ನ ಅರಬಿಯ ಹತ್ತು ಉಚ್ಚಾರ ತಿದ್ದುತ್ತಿದ್ದಳು. ಮಳೆ, ಬೆಳೆ, ಹೊಳೆ ಎಂದು ಹೇಳಿಕೊಡುವಾಗ ಆಕಾಶದಲ್ಲಿ ಮೋಡದ ತುಣುಕೂ ಇರುತ್ತಿರಲಿಲ್ಲ. ಹೊಳೆ ಎಂದರೇನು ಎಂದು ತಿಳಿಸಲು ಸಿಂಕಿನ ನಲ್ಲಿ ಬಿಟ್ಟು ಬೈಸಿಕೊಂಡೆ. ನನ್ನನ್ನು ಏನೆಂದು ಕರೆಯುವುದೆಂಬ ಪ್ರಶ್ನೆಯೂ ಇತ್ತು. ಅಕ್ಕ ಎಂದು ಕರೆಯಲು ನಾನೇ ಬಿಡಲಿಲ್ಲ. ಆ ಹೆಸರು ಆಗಲೇ ಒಬ್ಬರಿಗೆ ಸೇರಿತ್ತು. ಚಿಕ್ಕಮ್ಮನಿಗೆ ನಮ್ಮ ಕಡೆ ಹೇಳುವಂತೆ ಚಿಕ್ಕಿ ಎಂದು ಹೇಳಿಕೊಟ್ಟೆ.

ಮಣಿಪಾಲದ ಡಾಕ್ಟರಿಗೆ ತೋರಿಸುವ ಅಗತ್ಯ ಬೀಳಲಿಲ್ಲ. ರಜೆಯಿಂದ ಮರಳಿದ ಮೇಲೆ ಒಂದು ದಿನ ಅಕ್ಕ ತಾನಾಗಿಯೇ ಕೇಳಿದಳು, "ನಿನಗಿಂತ ಮೊದಲು ಇದ್ದ ಆ ಹೆಂಗಸು ಈಗ ಎಲ್ಲಿದ್ದಾಳೆ ಅಂತ ಕೆಳಗೆ ಕೇಳ್ತೀಯಾ?" ಕೇಳಿದೆ. ಮುಹರ್ರಕ್‌ನ ಒಂದು ಮನೆಯಲ್ಲಿದ್ದಳು. ಶುಕ್ರವಾರ ಅವಳಿಗೆ ರಜೆ. ಭಾವ ಹೋಗಿ ಕಾರಿನಲ್ಲಿ ಕರೆತಂದರು.

ನಾನು ಅವಳನ್ನು ಯಾಕೋ ದೊಡ್ಡ ಆಳಿನ ಹೆಂಗಸು ಎಂದು ಊಹಿಸಿದ್ದೆ. ಬಂದವಳು ನನಗಿಂತ ಗಿಡ್ಡ, ನಲವತ್ತರ ಆಸುಪಾಸು, ಉದ್ದನೆಯ ಹೂವಿನ ಲಂಗ ಹಾಕಿದ್ದಳು. ಕೈಯಲ್ಲಿ ಮಗುವಿಗೆಂದು ಒಂದು ಬಣ್ಣದ ಪೆನ್ಸಿಲಿನ ಡಬ್ಬಿ. ಅಕ್ಕ ಬಾಗಿಲಲ್ಲೇ ಅವಳ ಕೈ ಹಿಡಿದುಕೊಂಡಳು. ಮಗು ಓಡಿ ಬರುತ್ತದೆ ಎಂದು ನಾವೆಲ್ಲ ಕಾದೆವು. ಮಗು ಬರಲಿಲ್ಲ. ಕೋಣೆಯ ಬಾಗಿಲ ಹಿಂದೆ ನಿಂತು, ಸಂದಿಯಿಂದ ಒಂದೇ ಕಣ್ಣಿನಲ್ಲಿ ನೋಡಿತು. ಕರೆದರೆ ಇನ್ನೂ ಒಳಗೆ ಸರಿಯಿತು. ಅಕ್ಕ ಗದರಿಸಲು ಹೋದಾಗ ಆ ಹೆಂಗಸು ತಡೆದಳು.

"ಬಿಡಿ ಮೇಡಂ. ಅವಳಿಗೆ ನನ್ನ ಮೇಲೆ ಕೋಪ. ಕೋಪ ಬರಬೇಕಾದದ್ದೇ."

ಮೇಜಿನಲ್ಲಿ ಐದು ಜನಕ್ಕೆ ತಟ್ಟೆ ಹಾಕಿದ್ದೆ. ಐದು ವರ್ಷ ಆ ಮನೆಯಲ್ಲಿದ್ದವಳು ಮೇಜಿನ ಕುರ್ಚಿಯಲ್ಲಿ ಕೂರಲು ಹಿಂಜರಿದಳು. ಅಕ್ಕ ಬಲವಂತ ಮಾಡಿ ಕೂರಿಸಿದಳು. ಮಗು ಊಟಕ್ಕೆ ಬಂದರೂ ತಲೆಯೆತ್ತಲಿಲ್ಲ. ಊಟವಾದ ಮೇಲೆ ಅವಳು ಪಾತ್ರೆ ತೊಳೆಯಲು ನನ್ನ ಜೊತೆ ಬಂದಳು. ಬೇಡವೆಂದರೆ ಕೇಳಲಿಲ್ಲ. ಯಾವ ಡಬ್ಬಿ ಎಲ್ಲಿ, ಯಾವ ನಲ್ಲಿ ಬಿಗಿ ಎಂದು ಅವಳ ಕೈಗೆ ಇನ್ನೂ ನೆನಪಿತ್ತು. ನನ್ನ ತಲೆಯೊಳಗೆ ಅವಳಿಗಾಗಿ ಕೂಡಿಟ್ಟ ಪ್ರಶ್ನೆಗಳು ಎಷ್ಟೋ ಇದ್ದವು. ನನ್ನ ಹರಕು ಹಿಂದಿಯಲ್ಲಿ ಹೊರಗೆ ಬಂದದ್ದು ಒಂದೇ.

"ನಿಮಗೆ ಮಕ್ಕಳಿದ್ದಾರಾ?"

"ಒಬ್ಬಳು ಮಗಳು. ಇವಳಿಗಿಂತ ದೊಡ್ಡವಳು. ನನ್ನ ಅಮ್ಮನ ಹತ್ತಿರ ಇದ್ದಾಳೆ. ನಾನು ಊರಿಗೆ ಹೋದರೆ ಅವಳೂ ಹೀಗೇ, ಬಾಗಿಲ ಹಿಂದೆ" ಎಂದು ಲೋಟವನ್ನು ಬೆಳಕಿಗೆ ಹಿಡಿದು ಕಲೆ ಹೋಗಿದೆಯೋ ನೋಡಿದಳು. "ಮೂರು ದಿನ ಬೇಕು. ಆಮೇಲೆ ಸರಿಯಾಗ್ತದೆ. ಇಲ್ಲಿ ಮೂರು ದಿನ ಇಲ್ಲವಲ್ಲ."

ಸಂಜೆ ಭಾವ ಅವಳನ್ನು ಬಿಟ್ಟುಬರಲು ಕಾರು ತೆಗೆದರು. ಅವಳು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಆಗ ಮಗು ಚಪ್ಪಲಿಯನ್ನು ತಿರುಗುಮುರುಗಾಗಿ ಹಾಕಿಕೊಂಡು ಮೆಟ್ಟಿಲಿಳಿದು ಬಂದು, ಯಾರನ್ನೂ ಕೇಳದೆ, ಕಾರಿನ ಹಿಂದಿನ ಬಾಗಿಲು ತೆರೆದು ಹತ್ತಿತು. ಅಕ್ಕ ಮೇಲಿನಿಂದಲೇ ನನಗೆ, "ನೀನೂ ಹೋಗು" ಎಂದು ಸನ್ನೆ ಮಾಡಿದಳು. ನಾನು ಮುಂದೆ ಕೂತೆ.

ರಿಫಾ ದಾಟುವವರೆಗೆ ಹಿಂದೆ ಸದ್ದಿಲ್ಲ. ಮುಹರ್ರಕ್‌ಗೆ ಹೋಗಬೇಕಾದರೆ ಸಮುದ್ರದ ಮೇಲಿನ ರಸ್ತೆ ದಾಟಬೇಕು. ಎರಡೂ ಕಡೆ ಇಳಿಬಿಸಿಲಿನ ನೀರು. ಅಲ್ಲಿಗೆ ಮುಟ್ಟುವಾಗ ಮೆಲ್ಲಗೆ ಒಂದು ಮಾತು ಕೇಳಿಸಿತು, ಆಮೇಲೆ ಇನ್ನೊಂದು. ಕನ್ನಡಿಯಲ್ಲಿ ನೋಡಿದೆ. ಮಗು ಅವಳ ಲಂಗದ ಹೂವುಗಳನ್ನು ಒಂದೊಂದಾಗಿ ಮುಟ್ಟುತ್ತ ಮಾತಾಡುತ್ತಿತ್ತು. ಅರಬಿ ಇರಬಹುದು, ಸಿಂಹಳ ಇರಬಹುದು, ನಡುವೆ "ನೋಡು" ಎಂಬ ನನ್ನ ಕನ್ನಡವೂ ಒಂದು ಹಾರಿತು. ಆ ಹೆಂಗಸು ಹೂಂಗುಟ್ಟುತ್ತಿದ್ದಳು.

"ಎಂತ ಹೇಳ್ತಿದ್ದಾಳೆ?" ಭಾವ ನನ್ನನ್ನು ಪಿಸುಮಾತಿನಲ್ಲಿ ಕೇಳಿದರು.

"ಗೊತ್ತಾಗ್ತಿಲ್ಲ ಭಾವ. ತುಂಬಾ ಹೇಳ್ಲಿಕ್ಕುಂಟು ಅಂತ ಕಾಣ್ತದೆ."

ಭಾವ ಕಾರನ್ನು ನಿಧಾನ ಮಾಡಿದರು. ಹಿಂದಿನ ಗಾಡಿಗಳು ಹಾರ್ನ್ ಹೊಡೆದು ನಮ್ಮನ್ನು ದಾಟಿ ಹೋದವು. ಮುಹರ್ರಕ್ ಮುಟ್ಟಿದ ಮೇಲೂ ಆ ಮನೆಯ ಬೀದಿಯನ್ನು ಸುಮ್ಮನೆ ಎರಡು ಸಲ ಸುತ್ತಿದರು.